ಸೂಜಿ ಕಂಡಿತು, ರಕ್ತ ಕಾಣಲಿಲ್ಲ

ಅಭಿಷೇಕ್ ಚೌಬೆ ನಿರ್ದೇಶನದ ‘ಉಡ್ತಾ ಪಂಜಾಬ್’ 2016ರಲ್ಲಿ ತೆರೆಗೆ ಬಂದಾಗ ಚರ್ಚೆಯೆಲ್ಲ ಕತ್ತರಿಯ ಸುತ್ತಲೇ ನಡೆಯಿತು. ಸೆನ್ಸಾರ್ ಮಂಡಳಿ ಹಲವು ಕಡಿತ ಕೇಳಿತು. ಬಾಂಬೆ ಹೈಕೋರ್ಟ್ ಒಂದೇ ಕಡಿತದೊಂದಿಗೆ ಬಿಡುಗಡೆಗೆ ದಾರಿ ಮಾಡಿಕೊಟ್ಟಿತು. ತೀರ್ಪು ಸರಿಯಾದದ್ದೇ. ಆದರೆ ಆ ಗದ್ದಲದಲ್ಲಿ ಚಿತ್ರ ಏನನ್ನು ಬಿಟ್ಟಿದೆ ಎಂದು ಕೇಳುವ ವ್ಯವಧಾನ ನಮಗೂ ಇರಲಿಲ್ಲ.

ಇತ್ತೀಚೆಗೆ ನಾವು ಕೆಲವರು ಸುಬ್ರಹ್ಮಣ್ಯಪುರದ ಮನೆಯೊಂದರಲ್ಲಿ ಕುಳಿತು ಅದನ್ನು ಮತ್ತೆ ನೋಡಿದೆವು. ಬಂದವರಲ್ಲಿ ಒಬ್ಬ ತಾಯಿ ಇದ್ದರು. ಅವರ ಮಗ ನೋವಿನ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕರಗಿಸಿ, ಗೆಳೆಯರೊಂದಿಗೆ ಒಂದೇ ಸಿರಿಂಜಿನಲ್ಲಿ ಚುಚ್ಚಿಕೊಳ್ಳುತ್ತಿದ್ದವನು. ಈಗ ಬಿಟ್ಟಿದ್ದಾನೆ. ಚಿತ್ರ ಮುಗಿದ ಮೇಲೆ ಆಕೆ ಕೇಳಿದ್ದು ಇಷ್ಟೇ: “ಆ ಹುಡುಗನ ರಕ್ತದ ಮಾತೇ ಯಾರೂ ಎತ್ತಲಿಲ್ಲವಲ್ಲ?” ಅವರ ಮಗ ಮೂರು ತಿಂಗಳು ಪುನರ್ವಸತಿ ಕೇಂದ್ರದಲ್ಲಿದ್ದ. ಅಲ್ಲೂ ಯಾರೂ ಎತ್ತಿರಲಿಲ್ಲ. ಹೆಪಟೈಟಿಸ್ ಸಿ ಇರುವುದು ಗೊತ್ತಾದದ್ದು ಬೇರೆ ಯಾವುದೋ ಪರೀಕ್ಷೆಗೆ ಹೋದಾಗ.

ಚಿತ್ರದಲ್ಲಿ ನಮಗೆ ಮೆಚ್ಚುಗೆಯಾದದ್ದು ಆಲಿಯಾ ಭಟ್ ಅಭಿನಯಿಸಿದ ಬಿಹಾರಿ ಕೂಲಿ ಹುಡುಗಿಯ ಪಾತ್ರ. ಅವಳನ್ನು ಕೂಡಿಹಾಕಿ ಬಲವಂತವಾಗಿ ಹೆರಾಯಿನ್ ಚುಚ್ಚುತ್ತಾರೆ. ಸೂಜಿ ಅಲ್ಲಿ ಪಾಪದ ಗುರುತಲ್ಲ, ದೌರ್ಜನ್ಯದ ಆಯುಧ. ಆದರೆ ಪೊಲೀಸ್ ಅಧಿಕಾರಿಯ ತಮ್ಮ ಬಲ್ಲಿಯ ವಿಷಯದಲ್ಲಿ ಚಿತ್ರ ಎಡವುತ್ತದೆ. ಚಿಕಿತ್ಸೆಗೆ ಸೇರಿದ ಆತ ಕೊನೆಗೆ ತನಗೆ ಆಸರೆಯಾದ ವೈದ್ಯೆಯನ್ನೇ ಕೊಲ್ಲುತ್ತಾನೆ. ಅಣ್ಣನ ಸೇಡಿಗೆ ಕಥೆಗೊಂದು ಹೆಣ ಬೇಕಿತ್ತು. ನೋಡುಗನಿಗೆ ಉಳಿಯುವುದು ಮಾತ್ರ, ರೋಗಿಯಿಂದ ದೂರವಿರಬೇಕೆಂಬ ಹೆದರಿಕೆ.

ಕನ್ನಡದ ಕಥೆಯೇನು? ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ 2024ರ ‘ಭೀಮ’ ಬೆಂಗಳೂರಿನ ಹುಡುಗರ ವ್ಯಸನವನ್ನು ಕಾಳಜಿಯಿಂದಲೇ ಎತ್ತಿಕೊಂಡಿತು. ಆದರೆ ಮಾಸ್ ಚಿತ್ರದ ಕಟ್ಟು ಗೊತ್ತಲ್ಲ! ಮಾರುವವನು ಉರುಳಿದರೆ ಕಥೆ ಮುಗಿಯಿತು. ಚುಚ್ಚಿಕೊಂಡವನ ಲಿವರಿನ ಕಥೆ ಆಮೇಲೆ ಶುರುವಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ನಮ್ಮ ಟಿವಿ ಚಾನೆಲುಗಳು ಚಿತ್ರರಂಗದ ಡ್ರಗ್ಸ್ ಪ್ರಕರಣವನ್ನು ವಾರಗಟ್ಟಲೆ ಜಗಿದವು. ನಟಿಯರ ಮನೆ, ಕಾರು, ಗೆಳೆಯರು ಎಲ್ಲ ಬಂದವು. ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಒಂದು ಸಾಲು ಬಂದಿದ್ದರೆ ಎಷ್ಟು ಮನೆಗಳಿಗೆ ಉಪಕಾರವಾಗುತ್ತಿತ್ತು!

ಮಾತ್ರೆ ನುಂಗಲೆಂದು ಮಾಡಿದ ವಸ್ತು. ಅದರಲ್ಲಿರುವ ಟಾಲ್ಕ್‌ನಂಥ ಪುಡಿಗಳು ರಕ್ತದಲ್ಲಿ ಕರಗುವುದಿಲ್ಲ. ಅವು ರಕ್ತನಾಳವನ್ನು ಹಾಳುಮಾಡಿ ಶ್ವಾಸಕೋಶದಲ್ಲಿ ಹೋಗಿ ಕೂರುತ್ತವೆ. ಹಂಚಿಕೊಂಡ ಸಿರಿಂಜು ಮಾತ್ರವಲ್ಲ, ಹಂಚಿಕೊಂಡ ನೀರು, ಹತ್ತಿ, ಚಮಚದಿಂದಲೂ ಹೆಪಟೈಟಿಸ್ ಸಿ ದಾಟಬಲ್ಲದು. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸುಮಾರು 8.5 ಲಕ್ಷ ಜನ ಚುಚ್ಚಿಕೊಳ್ಳುತ್ತಾರೆಂದು ಅಂದಾಜಿಸಿತು. ಹೆಪಟೈಟಿಸ್ ಸಿಗೆ ಈಗ ಹೆಚ್ಚಿನವರಿಗೆ 12 ವಾರಗಳ ಮಾತ್ರೆ ಸಾಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ಕೇಳದವನಿಗೆ ಉಚಿತವಾಗಿದ್ದರೇನು ಬಂತು?

ಹೊಸ ಸೂಜಿ ಕೊಟ್ಟರೆ ಚಟಕ್ಕೆ ಇಂಬು ಕೊಟ್ಟಂತಲ್ಲವೇ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಸೂಜಿ ಕೊಡುವ ಜಾಗಕ್ಕೆ ಬಂದವನಿಗೆ ಪರೀಕ್ಷೆಯ ವಿಷಯ ಹೇಳಬಹುದು, ಬ್ಯೂಪ್ರೆನಾರ್ಫಿನ್ ಚಿಕಿತ್ಸೆಯ ದಾರಿ ತೋರಿಸಬಹುದು. ಬಾರದವನಿಗೆ ಏನು ಹೇಳುವುದು? ನೋಂದಾಯಿತ ಯೋಜನೆಯಡಿ ಶುದ್ಧ ಸೂಜಿ ಒದಗಿಸುವುದು ಅಪರಾಧವಲ್ಲವೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳಿದೆ. ಮದ್ಯ, ಮಾದಕವನ್ನು ಹರಾಮ್ ಎನ್ನುವ ಸಮಾಜಗಳೂ ಈ ದಾರಿಗೆ ಬಂದಿವೆ. ಇರಾನಿನ ಕೆರ್ಮಾನ್‌ಶಾದಲ್ಲಿ ಅಲಾಯಿ ಸಹೋದರ ವೈದ್ಯರು 2000ದ ಸುಮಾರಿಗೆ ಇಂಥ ಕ್ಲಿನಿಕ್ ತೆರೆದರು. ಕೌಲಾಲಂಪುರದ ಮಸೀದಿಯೊಂದರಲ್ಲಿ 2010ರಲ್ಲಿ ಮೆಥಡೋನ್ ಚಿಕಿತ್ಸೆ ಶುರುವಾಯಿತು. ನಮ್ಮ ಮೊಹಲ್ಲಾಗಳಲ್ಲಿ ವ್ಯಸನದ ವಿರುದ್ಧ ಭಾಷಣಕ್ಕೆ ಬರವಿಲ್ಲ. ಭಾಷಣ ಕೇಳಿ ಎದ್ದು ಹೋದ ಹುಡುಗನಿಗೆ ಒಂದು ವಿಳಾಸ ಕೊಟ್ಟವರು ವಿರಳ.

ಚರ್ಚೆ ರಾತ್ರಿ ಹತ್ತರವರೆಗೂ ನಡೆಯಿತು. ಚಪ್ಪಲಿ ಮೆಟ್ಟುತ್ತಾ ಆ ತಾಯಿ ಇನ್ನೊಂದು ಮಾತು ಕೇಳಿದರು. ಮಗನ ಜೊತೆ ಸಿರಿಂಜು ಹಂಚಿಕೊಂಡ ಹುಡುಗರು ಇನ್ನಿಬ್ಬರಿದ್ದಾರೆ, ಅವರ ಮನೆಗಳಲ್ಲಿ ಇದ್ಯಾವುದೂ ಗೊತ್ತಿಲ್ಲ, ಹೋಗಿ ಹೇಗೆ ಹೇಳುವುದು?