ಮೌನಪ್ರಿಯೆಯ ಶಿಖರ: ಪ್ರಾಚೀನ ಈಜಿಪ್ಟಿನ ದೈವಕಲ್ಪನೆಯಲ್ಲಿ ‘ಜನಪದ’ದ ನೆಲೆ

ಪ್ರಾಚೀನ ಈಜಿಪ್ಟಿನ ದೇವತೆಗಳನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಆರಂಭವಾಗುತ್ತದೆ. ಸೂರ್ಯದೇವ ರಾ, ಥೀಬ್ಸ್ ನಗರದ ಅಮುನ್, ಮೃತರ ಲೋಕದ ಒಡೆಯ ಒಸಿರಿಸ್, ಅವನ ಮಡದಿ ಐಸಿಸ್, ಮಗ ಹೋರಸ್, ನರಿಮುಖದ ಅನುಬಿಸ್ – ಹೀಗೆ ಹೆಸರು, ಆಕಾರ, ಅಧಿಕಾರ, ಬಂಧುತ್ವಗಳ ವಿವರಣೆ ಸಾಗುತ್ತದೆ. ಈ ಪಟ್ಟಿ ತಪ್ಪೆಂದು ಹೇಳಲಾಗದು. ಆದರೆ ಅದರ ಆಕರಗಳು ಬಹುಮಟ್ಟಿಗೆ ದೇವಾಲಯದ ಗೋಡೆಗಳು, ಅರಸರ ಸಮಾಧಿಗಳು ಮತ್ತು ಅಂತ್ಯಸಂಸ್ಕಾರದ ಪಠ್ಯಗಳು ಎಂಬುದನ್ನು ಮರೆಯುವಂತಿಲ್ಲ. ದೊಡ್ಡ ದೇವಾಲಯಗಳ ಗರ್ಭಗೃಹಕ್ಕೆ ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಹಾಗಿದ್ದರೆ ಸಾಮಾನ್ಯರು ಯಾವ ದೇವರನ್ನು, ಯಾವ ಸಂದರ್ಭದಲ್ಲಿ, ಏನನ್ನು ಬೇಡಿ ಕರೆದರು ಎಂಬ ಪ್ರಶ್ನೆ ಉಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಈ ಪ್ರಶ್ನೆಗೆ ಉತ್ತರವೊಂದು ರೂಪುಗೊಂಡಿತು. ಜರ್ಮನ್ ವಿದ್ವಾಂಸ ಅಡೋಲ್ಫ್ ಎರ್ಮನ್ 1911ರಲ್ಲಿ ಥೀಬ್ಸಿನ ಸಮಾಧಿನೆಲೆಯ ಹರಕೆಯ ಶಿಲಾಫಲಕಗಳತ್ತ ಗಮನ ಸೆಳೆದರು. ಅಮೆರಿಕದ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1912ರ ತಮ್ಮ ಗ್ರಂಥದಲ್ಲಿ ಆ ಕಾಲವನ್ನು ‘ವೈಯಕ್ತಿಕ ಭಕ್ತಿಯ ಯುಗ’ವೆಂದು ಕರೆದರು. 1916ರಲ್ಲಿ ಬ್ಯಾಟಿಸ್ಕೂಂಬ್ ಗನ್ ಇದೇ ಫಲಕಗಳನ್ನು ಕುರಿತ ಲೇಖನಕ್ಕೆ ‘ಬಡವರ ಧರ್ಮ’ ಎಂಬ ಅರ್ಥದ ಶೀರ್ಷಿಕೆಯನ್ನಿತ್ತರು. ದೇವಾಲಯದ ಧರ್ಮ ಒಂದು, ಬಡವರ ಧರ್ಮ ಮತ್ತೊಂದು ಎಂಬ ವಿಭಜನೆಗೆ ಇದರಿಂದ ಬಲ ಬಂದಿತು. ಕನ್ನಡ ಜಾನಪದ ಅಧ್ಯಯನದಲ್ಲಿ ರೂಢಿಯಲ್ಲಿರುವ ಶಿಷ್ಟ–ಜನಪದ ಎಂಬ ಜೋಡಿಯನ್ನು ಬಲ್ಲವರಿಗೆ ಈ ವಿಭಜನೆ ಸಹಜವೆನಿಸಬಹುದು. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಆ ಫಲಕಗಳು ದೊರೆತ ನೆಲೆಯಿಂದಲೇ ಪರಿಶೀಲಿಸಬೇಕಾಗಿದೆ.

ಆ ನೆಲೆ ನೈಲ್ ನದಿಯ ಪಶ್ಚಿಮ ದಂಡೆಯ ದೇರ್ ಎಲ್-ಮದೀನಾ. ಅರಸರ ಕಣಿವೆಯ ಸಮಾಧಿಗಳನ್ನು ಕೊರೆದು, ಕೆತ್ತಿ, ಚಿತ್ರಿಸಿದ ಕುಶಲಕರ್ಮಿಗಳ ಕುಟುಂಬಗಳು ಸುಮಾರು ನಾಲ್ಕು ಶತಮಾನಗಳ ಕಾಲ, ಕ್ರಿ.ಪೂ. ಹನ್ನೊಂದನೆಯ ಶತಮಾನದವರೆಗೆ, ಇಲ್ಲಿ ವಾಸಿಸಿದವು. 1922ರಿಂದ 1951ರವರೆಗೆ ಫ್ರಾನ್ಸಿನ ಬೆರ್ನಾರ್ ಬ್ರುಯೇರ್ ನಡೆಸಿದ ಉತ್ಖನನದಿಂದ ಪ್ರಾಕಾರದೊಳಗಿನ ಸುಮಾರು 68 ಮನೆಗಳ ವಿನ್ಯಾಸ ತಿಳಿದುಬಂದಿದೆ. ಹಲವು ಮನೆಗಳ ಮೊದಲ ಕೋಣೆಯಲ್ಲಿ ಇಟ್ಟಿಗೆಯ ಎತ್ತರದ ಕಟ್ಟೆಯಿದ್ದು, ಕೆಲವದರ ಮೇಲೆ ಬೆಸ್ ದೈವದ ಚಿತ್ರವಿದೆ. ಕುಳ್ಳ ಮೈ, ಸಿಂಹದ ಕೇಸರ, ಹೊರಚಾಚಿದ ನಾಲಿಗೆಯ ಬೆಸ್ ಬಸುರಿ, ಬಾಣಂತಿ, ಮಕ್ಕಳನ್ನು ಕಾಯುವವನು. ಈಜಿಪ್ಟಿನ ಚಿತ್ರಗಳಲ್ಲಿ ದೇವತೆಗಳನ್ನು ಸಾಮಾನ್ಯವಾಗಿ ಪಾರ್ಶ್ವಮುಖದಲ್ಲಿ ಬಿಡಿಸಿದರೆ ಇವನು ಮಾತ್ರ ನೋಡುವವರನ್ನು ನೇರವಾಗಿ ದಿಟ್ಟಿಸುತ್ತಾನೆ. ಇವನ ಜೊತೆಗಾತಿ ನೀರಾನೆಯ ರೂಪದ, ತುಂಬು ಬಸುರಿಯಾದ ತವೆರೆತ್. ಮನೆಗಳಲ್ಲಿ ಗತಿಸಿದ ಹಿರಿಯರಿಗೂ ಸ್ಥಾನವಿತ್ತು. ಅವರ ಸಣ್ಣ ಶಿಲಾಫಲಕಗಳು ದೊರೆತಿವೆ.

ಊರಿನ ದೈವ ಮೆರೆತ್‌ಸೆಗೆರ್. ‘ಮೌನವನ್ನು ಪ್ರೀತಿಸುವವಳು’ ಎಂಬುದು ಈ ಹೆಸರಿನ ಅರ್ಥ. ನಾಗರೂಪಿಯಾದ ಈಕೆ ಅರಸರ ಕಣಿವೆಯ ಮೇಲೆ ಪಿರಮಿಡ್ಡಿನಂತೆ ನಿಂತ ಶಿಖರದ ಅಧಿದೇವತೆ, ಶಿಖರವೇ ಈಕೆ. ನೆಫೆರಾಬು ಎಂಬ ಕುಶಲಕರ್ಮಿ ಈಕೆಗೆ ಅರ್ಪಿಸಿದ ಫಲಕ ಇಂದು ಟ್ಯೂರಿನ್ ವಸ್ತುಸಂಗ್ರಹಾಲಯದಲ್ಲಿದೆ. ಒಳಿತು ಕೆಡುಕು ತಿಳಿಯದೆ ಶಿಖರಕ್ಕೆ ತಪ್ಪೆಸಗಿದ್ದು, ದೇವಿ ದಂಡಿಸಿದಾಗ ಹೆರಿಗೆಯ ಇಟ್ಟಿಗೆಗಳ ಮೇಲೆ ಕುಳಿತ ಹೆಂಗಸಿನಂತೆ ಉಸಿರಿಗಾಗಿ ತೊಳಲಿದ್ದು, ಮೊರೆಯಿಟ್ಟಾಗ ಆಕೆ ತಂಗಾಳಿಯಾಗಿ ಬಂದು ನೋವು ಮರೆಸಿದ್ದು ಅದರ ವಸ್ತು. ಶಿಖರದಲ್ಲಿ ಸಿಂಹವಿದೆ, ಎಚ್ಚರವಾಗಿರಿ ಎಂದು ಅವನು ಊರಿನವರಿಗೆ ಸಾರುತ್ತಾನೆ. ತಪ್ಪು, ಮುನಿಸು, ತಪ್ಪೊಪ್ಪಿಗೆ, ಕರುಣೆ, ಸಾರಿಕೆ ಎಂಬ ಈ ಕಥನಕ್ರಮ ಜಾನಪದ ಅಧ್ಯಯನಕಾರರಿಗೆ ಅಪರಿಚಿತವಲ್ಲ.

ಆದರೆ ಇದೇ ನೆಫೆರಾಬುವಿನ ಇನ್ನೊಂದು ಫಲಕ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಮೆಂಫಿಸ್ ನಗರದ ಮಹಾದೇವತೆ ಪ್ತಾಹನಿಗೆ ಸಂದದ್ದು. ಅವನ ಹೆಸರಿನಲ್ಲಿ ಸುಳ್ಳು ಆಣೆಯಿಟ್ಟುದರಿಂದ ಹಗಲಲ್ಲೇ ಕತ್ತಲೆ ಕಂಡೆನೆಂಬ ತಪ್ಪೊಪ್ಪಿಗೆ ಅದರಲ್ಲಿದೆ. ಇದೇ ಊರಿನ ಚಿತ್ರಕಾರ ನೆಬ್ರೆ, ಸಾಯುವಂತಾಗಿದ್ದ ಮಗ ನಖ್ತಮುನ್ ಬದುಕಿದ್ದಕ್ಕಾಗಿ ಫಲಕ ಅರ್ಪಿಸಿದ್ದು ಸಾಮ್ರಾಜ್ಯದ ಅಧಿದೇವತೆ ಅಮುನನಿಗೆ. ಒಬ್ಬನೇ ಭಕ್ತ, ಒಂದೇ ಭಾಷೆ. ಅದು ಊರ ಶಿಖರದೇವಿಗೂ ಸಲ್ಲುತ್ತದೆ, ರಾಜ್ಯದ ಮಹಾದೇವತೆಗೂ ಸಲ್ಲುತ್ತದೆ.

‘ಬಡವರ ಧರ್ಮ’ ಎಂಬ ಹೆಸರಿನ ತೊಡಕು ಇಲ್ಲಿಯೇ ಎದುರಾಗುತ್ತದೆ. ನೆಬ್ರೆಯ ಫಲಕದಲ್ಲಿ ಅಮುನ್ ಬಡವನ ಕೂಗಿಗೆ ಓಗೊಡುವವನು ಎಂಬ ಭಾವವಿದೆ. ಆದರೆ ಇದು ಭಕ್ತನು ದೇವರೆದುರು ತನ್ನನ್ನು ಕಿರಿದಾಗಿಸಿಕೊಳ್ಳುವ ಮಾತೇ ಹೊರತು ಆದಾಯದ ಲೆಕ್ಕವಲ್ಲ. ಊರಿನ ಸಾಮಾನ್ಯ ಕೆಲಸಗಾರನಿಗೆ ರಾಜ್ಯದ ಕಣಜದಿಂದ ತಿಂಗಳಿಗೆ 4 ಖಾರ್ ಜವೆಗೋಧಿ, 1.5 ಖಾರ್ ಬಾರ್ಲಿ ಸಲ್ಲುತ್ತಿತ್ತು. ಒಟ್ಟು ನಾನೂರು ಲೀಟರಿಗೂ ಮಿಕ್ಕ ಧಾನ್ಯ. ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷದಲ್ಲಿ ಪಡಿ ತಡವಾದಾಗ ಇವರು ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ದೂ ಉಂಟು. ಕಷ್ಟ ಇತ್ತು, ಆದರೆ ಇವರು ಅಕ್ಷರ ಬಲ್ಲವರಿದ್ದ, ಕಲ್ಲಿನಲ್ಲಿ ಹರಕೆ ಕೆತ್ತಿಸಬಲ್ಲ ಸಮುದಾಯದವರು.

ಇನ್ನೊಂದು ತುದಿಯಿಂದಲೂ ಈ ವಿಭಜನೆ ಸಡಿಲವಾಗುತ್ತದೆ. ಮಲ್ಕಾಟದಲ್ಲಿ ಮೂರನೆಯ ಅಮೆನ್‌ಹೊತೆಪ್‌ನ ಅರಮನೆಯ ಶಯನಗೃಹವನ್ನು ಬೆಸ್ ಚಿತ್ರಗಳ ಸಾಲು ಅಲಂಕರಿಸಿತ್ತು. 1905ರಲ್ಲಿ ಪತ್ತೆಯಾದ ಯುಯಾ ಮತ್ತು ತುಯಾ ದಂಪತಿಗಳ ಸಮಾಧಿಯಲ್ಲಿ ದೊರೆತ ರಾಜಕುಮಾರಿ ಸಿತಾಮುನ್‌ಳ ಆಸನದ ಮೇಲೂ ಬೆಸ್ ಮತ್ತು ತವೆರೆತ್ ಇದ್ದಾರೆ. ಆಖೆನಾತೆನ್ ಅಮುನನ ಹೆಸರನ್ನು ಅಳಿಸಿ ಅತೆನ್ ಒಬ್ಬನನ್ನೇ ಎತ್ತಿಹಿಡಿದಾಗಲೂ ಅವನ ರಾಜಧಾನಿ ಅಮಾರ್ನಾದ ಮನೆಗಳಲ್ಲಿ ಈ ಇಬ್ಬರು ಉಳಿದರು. ಹೆರಿಗೆಯ ಅಪಾಯ ಅರಮನೆಗೂ ಗುಡಿಸಲಿಗೂ ಒಂದೇ ಆಗಿದ್ದಾಗ ಅದನ್ನು ಕಾಯುವ ದೈವವೂ ಒಂದೇ ಆಗಿರುವುದು ಸಹಜ.

ಆದುದರಿಂದ ಇಲ್ಲಿ ‘ಜನಪದ’ವೆಂಬುದು ಒಂದು ವರ್ಗದ ಹೆಸರಲ್ಲ, ಅದು ಸಂದರ್ಭದ ಹೆಸರು. ಹಗಲಿನಲ್ಲಿ ಅರಸನ ಸಮಾಧಿಯ ಗೋಡೆಗೆ ಒಸಿರಿಸನನ್ನು ಬಿಡಿಸಿದ ಕೈಯೇ ಮನೆಯ ಕಟ್ಟೆಗೆ ಬೆಸ್‌ನನ್ನು ಬಿಡಿಸಬಲ್ಲದಾಗಿತ್ತು. ಗಡಿ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರಲಿಲ್ಲ. ಅದು ಒಬ್ಬನದೇ ದಿನಚರಿಯ ಒಳಗೆ, ಕೆಲಸಕ್ಕೂ ಕಾಯಿಲೆಗೂ ನಡುವೆ ಹಾದುಹೋಗುತ್ತಿತ್ತು. 1987ರಲ್ಲಿ ಜಾನ್ ಬೇನ್ಸ್ ‘ಆಚರಣೆಯ ಧರ್ಮ’ ಎಂಬ ಪರಿಕಲ್ಪನೆಯಿಂದ ಈ ಪ್ರಶ್ನೆಯನ್ನು ಚರ್ಚಿಸಿದ್ದು ಈ ದಿಕ್ಕಿನಲ್ಲಿ ಉಪಯುಕ್ತವಾಗಿದೆ.

ಈ ನಿಲುವಿಗೂ ಮಿತಿಯಿದೆ. ದೇರ್ ಎಲ್-ಮದೀನಾ ಈಜಿಪ್ಟಿನ ಮಾದರಿ ಹಳ್ಳಿಯಲ್ಲ. ಒಣಭೂಮಿಯಲ್ಲಿದ್ದುದರಿಂದ ಅದು ಉಳಿಯಿತು, ಬರಹ ಬಲ್ಲವರಿದ್ದುದರಿಂದ ಮಾತನಾಡಿತು. ಪ್ರವಾಹದ ಮೆಕ್ಕಲಿನಲ್ಲಿ ಉಳುಮೆ ಮಾಡಿ ಇವರಿಗೆ ಪಡಿ ಬೆಳೆದುಕೊಟ್ಟ ಒಕ್ಕಲಿನ ಮಣ್ಣಿನ ಮನೆಗಳು ಬಹುತೇಕ ಕರಗಿಹೋಗಿವೆ. ಬೆಸ್ ಮತ್ತು ತವೆರೆತ್‌ರನ್ನು ಹೆಚ್ಚು ಕರೆದಿರಬಹುದಾದ ಹೆಂಗಸರ ಮಾತು ಕಲ್ಲಿನಲ್ಲಿ ಉಳಿದದ್ದು ತೀರ ಕಡಿಮೆ. ಹೆರಿಗೆಯ ನೋವು ಕೂಡ ನೆಫೆರಾಬುವಿನ ಫಲಕದಲ್ಲಿ ಗಂಡಸಿನ ಸಂಕಟಕ್ಕೆ ಉಪಮಾನವಾಗಿ ಬರುತ್ತದೆ. ‘ಬಡವರ ಧರ್ಮ’ವೆಂದು ಹೆಸರಿಟ್ಟದ್ದರ ನಿಜವಾದ ನಷ್ಟ ಇದೇ: ದೊರೆತ ದನಿಯನ್ನೇ ಬಡವರ ದನಿಯೆಂದು ಎಣಿಸಿದ್ದರಿಂದ, ದನಿ ಉಳಿಯದೆ ಹೋದ ಬಡವರನ್ನು ಹುಡುಕುವ ಅಗತ್ಯವೇ ಮರೆಯಾಯಿತು. ದೇವತೆಗಳ ಪಟ್ಟಿಯನ್ನು ಬೆಳೆಸುವುದಕ್ಕಿಂತ ಆ ಮೌನದ ಅಳತೆಯನ್ನು ಗುರುತಿಸಿಕೊಳ್ಳುವುದು ಮುಂದಿನ ಅಧ್ಯಯನದ ಮೊದಲ ಕೆಲಸವಾಗಬೇಕು.