ಪರರ ಹೆಸರಿನ ಬರೆಹ

ಕಾವ್ಯ, ನಾಟಕ, ಕಥೆ, ಪ್ರಬಂಧ ಎಂದು ಸಾಹಿತ್ಯವನ್ನು ವಿಭಾಗಿಸಿ ಅವುಗಳ ಗುಣದೋಷಗಳನ್ನು ವಿಚಾರಮಾಡುವುದು ವಿಮರ್ಶಕರ ರೂಢಿ. ಈ ವಿಭಾಗಗಳಲ್ಲಿ ಒಂದಕ್ಕೂ ಸೇರದೆ, ಜನರ ಅನ್ನವಸ್ತ್ರಗಳಿಗೆ ಮಾತ್ರ ಇವೆಲ್ಲಕ್ಕಿಂತಲೂ ಹತ್ತಿರವಾಗಿರುವ ಮತ್ತೊಂದು ಬಗೆಯ ಬರೆಹವುಂಟು. ಅದನ್ನು ಬರೆಯುವವನು ಒಬ್ಬ. ಅದರ ಕೆಳಗೆ ಸಹಿ ಮಾಡುವವನು ಮತ್ತೊಬ್ಬ. ಅದರ ಫಲವನ್ನು ಅನುಭವಿಸುವವನು ಮೂರನೆಯವನು. ಪಾರ್ಲಿಮೆಂಟಿನ ಸದಸ್ಯರ ಬಳಿ ಸಹಾಯಕರಾಗಿರುವವರು ದಿನದಿನವೂ ಸಿದ್ಧಪಡಿಸುವ ಕಾಗದ, ಪ್ರಶ್ನೆ, ಟಿಪ್ಪಣಿ, ಭಾಷಣದ ಕರಡು ಇವು ಈ ಜಾತಿಗೆ ಸೇರಿದುವು. ಇಂತಹ ಬರೆಹಕ್ಕೆ ಲಕ್ಷಣಶಾಸ್ತ್ರವಿಲ್ಲವೆಂದು ಹಲವರು ತಿಳಿದಿರುವರು. ಇದಕ್ಕೆ ವಿಮರ್ಶೆಯಾದರೂ ಏತಕ್ಕೆ ಎಂದು ಕೇಳುವವರೂ ಉಂಟು. ಈ ಎರಡು ಮಾತುಗಳೂ ಸರಿಯಲ್ಲವೆಂಬುದು ಸ್ವಲ್ಪ ವಿಚಾರಮಾಡಿದರೆ ತಿಳಿಯುತ್ತದೆ.

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮೇಲಿರುವ ಮಾಚೇನಹಳ್ಳಿಯನ್ನು ಈ ಪ್ರಾಂತದ ವಾಚಕರೆಲ್ಲರೂ ಬಲ್ಲರು. ಕೈಗಾರಿಕಾ ಪ್ರದೇಶ, ಹಾಲಿನ ಒಕ್ಕೂಟದ ಡೈರಿ, ಪೊಲೀಸ್ ಪಡೆಯ ವಸತಿ ಇವುಗಳಿಂದ ಆ ಊರಿಗೆ ಹೊತ್ತು ಹೊತ್ತಿಗೂ ಜನಸಂಚಾರ. ಅಲ್ಲಿ ಬಸ್ಸಿಗಾಗಿ ಕಾದು ನಿಂತವರಲ್ಲಿ ಅರ್ಜಿಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡವರೂ ಇರುವರು. ಇದಕ್ಕೆ ಕಾರಣವಿಲ್ಲದೆ ಇಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಯಿತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿಯೇ ನಿಂತಿತು. ಯಂತ್ರ ನಿಂತರೂ ಅದರ ಸುತ್ತಣ ಲೆಕ್ಕಪತ್ರ ನಿಲ್ಲದು. ಬಾಕಿ ಸಂಬಳ, ಭವಿಷ್ಯನಿಧಿ, ನಿವೃತ್ತಿ ವೇತನ, ವಸತಿಗೃಹ ಎಂದು ನೂರು ತೊಡಕುಗಳು ಉಳಿಯುತ್ತವೆ. ಅವುಗಳಲ್ಲಿ ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದುವು ಕೊನೆಗೆ ಬಂದು ಸೇರುವುದು ಪಾರ್ಲಿಮೆಂಟಿನ ಸದಸ್ಯರ ಕಚೇರಿಯ ಮೇಜಿಗೆ. ಅಂದರೆ ಸಹಾಯಕನ ಮೇಜಿಗೆ.

ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ವಿಧಾನಸಭೆಯ 8 ಕ್ಷೇತ್ರಗಳು ಅಡಕವಾಗಿವೆ. ಘಟ್ಟದ ಕೆಳಗಿನ ಬೈಂದೂರೂ ಅವುಗಳಲ್ಲೊಂದು. 2024ರ ಚುನಾವಣೆಯಲ್ಲಿ ಇಲ್ಲಿನ ಮತದಾರರ ಸಂಖ್ಯೆ 17 ಲಕ್ಷವನ್ನು ಮೀರಿತ್ತು. ಇಷ್ಟು ಜನರ ಅಹವಾಲನ್ನು ಒಬ್ಬ ಸದಸ್ಯರು ತಾವೇ ಓದಿ ತಾವೇ ಉತ್ತರ ಬರೆಯಲಾರರೆಂಬುದು ಸ್ಪಷ್ಟ. ಆದಕಾರಣವೇ ಸದಸ್ಯರ ಕಚೇರಿ ವೆಚ್ಚಕ್ಕೆಂದು 2018ರಲ್ಲಿ ಗೊತ್ತುಮಾಡಿದ ತಿಂಗಳ 60,000 ರೂಪಾಯಿಗಳಲ್ಲಿ 40,000 ರೂಪಾಯಿಗಳನ್ನು ಸಹಾಯಕರ ಸಂಬಳಕ್ಕೆಂದೇ ಬೇರ್ಪಡಿಸಲಾಯಿತು. 2010-11ರಿಂದ ಪಿ.ಆರ್.ಎಸ್. ಎಂಬ ಸಂಸ್ಥೆಯು ವಿದ್ಯಾವಂತ ತರುಣರನ್ನು ಆರಿಸಿ ಸದಸ್ಯರ ಬಳಿ ಕೆಲಸಕ್ಕೆ ನಿಲ್ಲಿಸುವ ಏರ್ಪಾಡನ್ನೂ ಮಾಡಿತು. ಕ್ಷೇತ್ರದಲ್ಲಿ ಅರ್ಜಿಗಳನ್ನು ನೋಡಿಕೊಳ್ಳುವ ಸ್ಥಳೀಯ ಸಹಾಯಕ ಒಬ್ಬ. ದೆಹಲಿಯಲ್ಲಿ ಮಸೂದೆ, ಆಯವ್ಯಯ, ಪ್ರಶ್ನೆಗಳಿಗೆ ಸಾಮಗ್ರಿ ಒದಗಿಸುವ ಸಹಾಯಕ ಇನ್ನೊಬ್ಬ. ಇಬ್ಬರದೂ ಪರರ ಹೆಸರಿನ ಬರೆಹವೇ.

ಈ ವೃತ್ತಿ ಹೊಸದಲ್ಲ. ಶಿಕಾರಿಪುರದ ಸಮೀಪದ ತಾಳಗುಂದದಲ್ಲಿ ನಿಂತಿರುವ 5ನೆಯ ಶತಮಾನದ ಸ್ತಂಭಶಾಸನವನ್ನು ಕದಂಬ ಶಾಂತಿವರ್ಮನ ಆಜ್ಞೆಯಂತೆ ರಚಿಸಿದವನು ಕುಬ್ಜನೆಂಬ ಕವಿ. ಶಿಲೆಯ ಮೇಲೆ ಅದನ್ನು ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹನು ಚಾಳುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಭದ್ರಾವತಿಗೆ ದೂರವಲ್ಲದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯದ ಶಾಸನದಲ್ಲಿ ಮಹಾಕವಿ ಜನ್ನನ ಪದ್ಯಗಳಿವೆ. ಆಳುವವರ ಮಾತನ್ನು ರೂಪಿಸಿಕೊಡುವ ಕೆಲಸವನ್ನು ಇಂತಹವರು ಕೀಳೆಂದು ಬಗೆಯಲಿಲ್ಲ. ಆದರೆ ಅಂದಿಗೂ ಇಂದಿಗೂ ಒಂದು ಭೇದವುಂಟು. ಶಾಸನದ ಹಿಂದೆ ಅರಸನ ಖಡ್ಗವಿತ್ತು. ಮಾತು ಸಡಿಲವಾದರೂ ಆಜ್ಞೆ ನಡೆಯುತ್ತಿತ್ತು. ಪಾರ್ಲಿಮೆಂಟಿನ ಸದಸ್ಯರಿಗಾದರೋ ಅಧಿಕಾರಿಗೆ ಆಜ್ಞೆ ಮಾಡುವ ಹಕ್ಕಿಲ್ಲ. ಕ್ಷೇತ್ರಾಭಿವೃದ್ಧಿಗೆಂದು ಇರುವ ವರ್ಷಕ್ಕೆ 5 ಕೋಟಿ ರೂಪಾಯಿಗಳ ವಿಷಯದಲ್ಲಿ ಕೂಡ ಸದಸ್ಯರು ಶಿಫಾರಸು ಮಾಡಬಲ್ಲರೇ ಹೊರತು ಮಂಜೂರು ಮಾಡುವುದು ಜಿಲ್ಲಾಡಳಿತ. ಹೀಗಿರುವಲ್ಲಿ ಸದಸ್ಯರ ಕಾಗದಕ್ಕೆ ಸಹಿಯ ಗೌರವದ ಜೊತೆಗೆ ಇರತಕ್ಕ ಬಲ ಅದರ ಮಾತಿನ ಖಚಿತತೆಯೊಂದೇ. ಮಾತು ಸೋತರೆ ಕಾಗದವೇ ಸೋತಿತು. ಈ ಬರೆಹಕ್ಕೆ ವಿಮರ್ಶೆ ಬೇಕಾದುದು ಇದರಿಂದಲೇ.

ಲಕ್ಷಣಶಾಸ್ತ್ರವಿಲ್ಲವೆಂಬ ಮಾತೂ ನಿಲ್ಲದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶಾಸನಾಧಿಕಾರವೆಂಬ ಪ್ರಕರಣವಿದೆ. ಒಡೆಯನ ಮಾತನ್ನು ಬರೆಯುವ ಲೇಖಕನು ಹೇಗಿರಬೇಕು, ಲೇಖದ ಗುಣಗಳೇನು, ದೋಷಗಳೇನು ಎಂಬುದನ್ನು ಅಲ್ಲಿ ಎಣಿಸಿ ಹೇಳಿದೆ. ಪ್ರಧಾನವಾದ ವಿಷಯವನ್ನು ಮೊದಲು ಹೇಳುವುದು ಅರ್ಥಕ್ರಮ. ಮುಂದಿನ ಮಾತು ಹಿಂದಿನದಕ್ಕೆ ವಿರೋಧವಾಗದಿರುವುದು ಸಂಬಂಧ. ಅರ್ಥದಲ್ಲಾಗಲಿ ಪದದಲ್ಲಾಗಲಿ ಹೆಚ್ಚುಕಡಮೆಯಿಲ್ಲದಿರುವುದು ಪರಿಪೂರ್ಣತೆ. ಇವುಗಳ ಜೊತೆಗೆ ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಹೀಗೆ ಗುಣಗಳು ಆರು. ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂದು ದೋಷಗಳು ಐದು. ಈ ಒರೆಗಲ್ಲಿಗೆ ಇಂದಿನ ಬರೆಹವನ್ನು ತೀಡಿ ನೋಡುವುದು ಯುಕ್ತವಾಗಿದೆ.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಕಾರ್ಖಾನೆಯೊಂದರಲ್ಲಿ ದುಡಿದು ತೀರಿಕೊಂಡವನ ಹೆಂಡತಿ ಮಾಚೇನಹಳ್ಳಿಯಿಂದ ಸದಸ್ಯರ ಕಚೇರಿಗೆ ಬರುತ್ತಾಳೆ. ಅವಳಿಗೆ ಬರಬೇಕಾದುದು ಕಾರ್ಮಿಕರ ಪಿಂಚಣಿ ಯೋಜನೆಯ ವಿಧವಾವೇತನ. ಆ ಯೋಜನೆಯಲ್ಲಿ 2014ರ ಸೆಪ್ಟೆಂಬರಿನಿಂದ ಗೊತ್ತುಮಾಡಿದ ಕನಿಷ್ಠ ಮೊಬಲಗು ತಿಂಗಳಿಗೆ 1,000 ರೂಪಾಯಿ. ಅವಳು ಹೇಳುವುದಿಷ್ಟು: “ನಮ್ ಯಜಮಾನ್ರ ಹೆಸ್ರು ಅದ್ರಾಗೊಂದ್ ಥರ, ಇದ್ರಾಗೊಂದ್ ಥರ ಐತಂತೆ. ಸತ್ತೋರು ಇಬ್ರಲ್ಲ ಸ್ವಾಮಿ, ಒಬ್ರೇ.” ಸಹಾಯಕನು ಇದನ್ನು ಕೇಳಿಕೊಂಡು ಸದಸ್ಯರ ಸಹಿಗೆ ಹೀಗೆ ಬರೆಯುತ್ತಾನೆ: “ಸದರಿ ಫಲಾನುಭವಿಯ ದಾಖಲಾತಿಗಳಲ್ಲಿ ವ್ಯತ್ಯಾಸ ಕಂಡುಬಂದಿರುವ ಹಿನ್ನೆಲೆಯಲ್ಲಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವಂತೆ ಕೋರಲಾಗಿದೆ.”

ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯಕ್ಕೆ ಕುಂದಿಲ್ಲ. ಕೌಟಿಲ್ಯನು ಹೇಳಿದ ಐದು ದೋಷಗಳಲ್ಲಿ ಒಂದನ್ನೂ ಇದರಲ್ಲಿ ಹುಡುಕಿ ತೆಗೆಯಲಾಗದು. ಆದರೂ ಇದು ಕೆಟ್ಟ ಬರೆಹ. ಏಕೆಂದರೆ ದೋಷಾಭಾವವೇ ಗುಣವಲ್ಲ. ಪ್ರಧಾನವಾದ ವಿಷಯ ಒಬ್ಬ ವಿಧವೆಗೆ ಜೀವನಾಧಾರ ನಿಂತಿರುವುದು. ಇಲ್ಲಿಯಾದರೋ ಮೊದಲಾಗಿ ಕಾಣುವುದು ದಾಖಲಾತಿಗಳ ವ್ಯತ್ಯಾಸ. ಆದುದರಿಂದ ಅರ್ಥಕ್ರಮ ಕೆಟ್ಟಿತು. ಯಾವ ದಾಖಲಾತಿ, ಏನು ವ್ಯತ್ಯಾಸ, ಎಷ್ಟು ದಿನದಿಂದ ಎಂಬುದಿಲ್ಲವಾಗಿ ಪರಿಪೂರ್ಣತೆ ಇಲ್ಲ. “ಸೂಕ್ತ ಕ್ರಮ” ಎಂದರೆ ಯಾವುದೆಂದು ಬರೆದವನಿಗೂ ತಿಳಿಯದು, ಓದಿದವನಿಗೂ ತಿಳಿಯದು. ಇದರಿಂದ ಸ್ಪಷ್ಟತ್ವ ಹೋಯಿತು. ಇನ್ನು “ಕೋರಲಾಗಿದೆ” ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಮಾಯವಾಗಿದ್ದಾನೆ. ಕೋರಿದವರು ಯಾರು? ಸದಸ್ಯರೇ, ವಿಧವೆಯೇ, ಕಚೇರಿಯೇ? ಕರ್ತೃವಿಲ್ಲದ ಬೇಡಿಕೆಗೆ ಉತ್ತರವಿಲ್ಲದಿದ್ದರೆ ಅಧಿಕಾರಿಯನ್ನು ದೂರುವುದು ಹೇಗೆ? ಸತ್ತವನು ಒಬ್ಬನೇ ಎಂದು ಆ ಹೆಂಗಸು ಒಂದೇ ಮಾತಿನಲ್ಲಿ ತೊಡಕಿನ ತಿರುಳನ್ನು ಬಿಡಿಸಿ ಹೇಳಿದ್ದಳು. ಓದುಬರೆಹ ಬಲ್ಲವನ ಕೈಗೆ ಸಿಕ್ಕಿ ಆ ತಿರುಳೇ ಉದುರಿಹೋಯಿತು.

ಇದನ್ನೇ ಮತ್ತೊಂದು ರೀತಿಯಲ್ಲಿ ಬರೆಯಬಹುದು: “ಗಂಡನು ಕಾಲವಾಗಿ ಹದಿನಾಲ್ಕು ತಿಂಗಳಾದರೂ ಮಾಚೇನಹಳ್ಳಿಯ ಈಕೆಗೆ ವಿಧವಾವೇತನ ಬಂದಿಲ್ಲ. ಕಾರ್ಖಾನೆಯ ಪುಸ್ತಕದಲ್ಲಿ ಆತನ ಹೆಸರಿನ ಕೊನೆಗೆ ‘ಅಪ್ಪ’ ಎಂದಿದೆ. ಆಧಾರ್ ಕಾರ್ಡಿನಲ್ಲಿ ಅದು ಬಿಟ್ಟುಹೋಗಿದೆ. ಹುಟ್ಟಿದ ತಾರೀಖು, ತಂದೆಯ ಹೆಸರು ಎರಡರಲ್ಲಿಯೂ ಒಂದೇ, ನಕಲುಗಳನ್ನು ಇಟ್ಟಿದೆ. ಇಬ್ಬರೂ ಒಬ್ಬನೇ ಎಂಬುದಕ್ಕೆ ಇದು ಸಾಲದಿದ್ದರೆ ಇನ್ನಾವ ಕಾಗದ ಬೇಕೆಂಬುದನ್ನು ಈಕೆಗೆ ಬರೆದು ತಿಳಿಸಿ, ನನಗೂ ಒಂದು ಪ್ರತಿ ಕಳುಹಿಸಬೇಕೆಂದು ಕೇಳುತ್ತೇನೆ.” ಇದರಲ್ಲಿ ಅಲಂಕಾರವಿಲ್ಲ, ಅಧಿಕಾರಿಯ ಮೇಲೆ ದರ್ಪವೂ ಇಲ್ಲ. ಆದರೆ ಓದಿದವನಿಗೆ ಮಾಡತಕ್ಕ ಕೆಲಸ ಯಾವುದೆಂಬುದು ತಿಳಿಯುತ್ತದೆ, ಮಾಡದಿದ್ದರೆ ಕೇಳುವವರು ಯಾರೆಂಬುದೂ ತಿಳಿಯುತ್ತದೆ. ವಿಧವೆಯ ಮಾತಿನ ತಿರುಳು ಉಳಿದಿದೆ. ಇಂತಹ ಕರಡಿಗೆ ಬೇಕಾದುದು ಹೆಚ್ಚಿನ ಪಾಂಡಿತ್ಯವಲ್ಲ. ಎರಡು ಕಾಗದಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡು ಓದುವ ತಾಳ್ಮೆ. ಲೇಖಕನು ಅವ್ಯಗ್ರವಾದ ಮನಸ್ಸಿನಿಂದ ಕೇಳಿಕೊಳ್ಳಬೇಕೆಂದು ಕೌಟಿಲ್ಯನು ವಿಧಿಸಿದುದರ ಸಾರ್ಥಕ್ಯ ಇಲ್ಲಿ ಕಾಣುತ್ತದೆ.

ದೆಹಲಿಯ ಬರೆಹಕ್ಕೂ ಇದೇ ನ್ಯಾಯ. ಲೋಕಸಭೆಯ ನಿಯಮಾವಳಿಯಂತೆ ಸದಸ್ಯರು ಕೇಳುವ ಪ್ರಶ್ನೆ ಸ್ಪಷ್ಟವೂ ಖಚಿತವೂ ಆಗಿರತಕ್ಕುದು; ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು; ಅದರಲ್ಲಿ ವಾದ, ಊಹೆ, ವ್ಯಂಗ್ಯ, ಆರೋಪ, ನಿಂದೆಗಳಿರಕೂಡದು. ಆಲಂಕಾರಿಕರು ಕೊಂಡಾಡುವ ವ್ಯಂಗ್ಯಕ್ಕೆ ಇಲ್ಲಿ ಪ್ರವೇಶವೇ ಇಲ್ಲವೆಂಬುದು ರಸಿಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಾಚ್ಯಾರ್ಥದಿಂದಲೇ ಮಂತ್ರಿಯನ್ನು ಉತ್ತರ ಹೇಳದೆ ವಿಧಿಯಿಲ್ಲದಂತೆ ನಿಲ್ಲಿಸುವುದು ಸುಲಭವಾದ ವಿದ್ಯೆಯಲ್ಲ. “ಕಾರ್ಖಾನೆಯ ಕಾರ್ಮಿಕರ ಹಿತಕ್ಕಾಗಿ ಸರ್ಕಾರ ಏನು ಕ್ರಮ ಕೈಗೊಂಡಿದೆ?” ಎಂದು ಕೇಳಿದರೆ ಮಂತ್ರಿಗಳು ಹತ್ತು ಯೋಜನೆಗಳ ಹೆಸರು ಹೇಳಿ ಕುಳಿತುಕೊಳ್ಳಬಹುದು. ಹೆಸರಿನ ವ್ಯತ್ಯಾಸದ ಕಾರಣದಿಂದ ನಿಂತಿರುವ ವಿಧವಾವೇತನದ ಅರ್ಜಿಗಳು ಒಂದೊಂದು ಕಚೇರಿಯಲ್ಲಿಯೂ ಎಷ್ಟು, ಅವುಗಳಲ್ಲಿ ಒಂದು ವರ್ಷಕ್ಕೆ ಮೀರಿದುವು ಎಷ್ಟು ಎಂದು ಕೇಳಿದರೆ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ಎರಡನೆಯ ಪ್ರಶ್ನೆ ಹುಟ್ಟಬೇಕಾದರೆ ಮಾಚೇನಹಳ್ಳಿಯ ಅರ್ಜಿಯನ್ನು ದೆಹಲಿಯ ಸಹಾಯಕನು ಓದಿರಬೇಕು. ಕ್ಷೇತ್ರದ ಕಾಗದವನ್ನೂ ಸಭೆಯ ಪ್ರಶ್ನೆಯನ್ನೂ ಬೇರೆ ಬೇರೆ ಕಟ್ಟುಗಳಲ್ಲಿ ಇಡುವ ಪದ್ಧತಿಯಿಂದಲೇ ಬಹುಮಂದಿ ಸದಸ್ಯರ ಪ್ರಶ್ನೆಗಳು ನಿಸ್ಸತ್ತ್ವವಾಗುತ್ತವೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು: ಒಬ್ಬನು ಬರೆದುದನ್ನು ಮತ್ತೊಬ್ಬನು ತನ್ನದೆನ್ನುವುದು ವಂಚನೆಯಲ್ಲವೇ ಎಂದು. ಸಹಿ ಮಾಡುವವರು ಓದಿ, ತಿದ್ದಿ, ಅದರ ಹೊಣೆಯನ್ನು ಹೊತ್ತರೆ ವಂಚನೆಯಲ್ಲ. ಓದದೆ ಸಹಿ ಮಾಡಿದರೆ ವಂಚನೆಯೇ. ಪ್ರಶ್ನೆ ಕೇಳುವುದಕ್ಕಾಗಿ ಹಣ ಪಡೆದರೆಂದು 2005ರ ಡಿಸೆಂಬರಿನಲ್ಲಿ ಲೋಕಸಭೆಯ 10 ಮಂದಿಯೂ ರಾಜ್ಯಸಭೆಯ ಒಬ್ಬರೂ ಸದಸ್ಯತ್ವವನ್ನು ಕಳೆದುಕೊಂಡರು. ಪ್ರಶ್ನೆಯ ಮಾತುಗಳನ್ನು ಯಾರೇ ಜೋಡಿಸಿರಲಿ, ಪ್ರಶ್ನೆ ಸದಸ್ಯರದೇ ಎಂಬ ತತ್ತ್ವ ಅಲ್ಲಿ ನಿಂತಿತು. ಸಹಾಯಕನಿಗೂ ಇದರಿಂದ ಒಂದು ಎಚ್ಚರಿಕೆ ಸಲ್ಲುತ್ತದೆ. ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ದೂತರಲ್ಲಿ ಮೂರು ತರಗತಿಗಳನ್ನು ಕೌಟಿಲ್ಯನು ಹೇಳುತ್ತಾನೆ. ಪೂರ್ಣ ಸ್ವಾತಂತ್ರ್ಯವುಳ್ಳ ನಿಸೃಷ್ಟಾರ್ಥನ ಬುದ್ಧಿ, ಕೊಟ್ಟುದನ್ನು ಕೊಟ್ಟಂತೆಯೇ ಒಯ್ಯುವ ಶಾಸನಹರನ ವಿನಯ ಇವೆರಡೂ ಒಬ್ಬನಲ್ಲಿಯೇ ಕೂಡಿರಬೇಕಾದುದು ಈ ವೃತ್ತಿಯ ಕಷ್ಟ. ರಾಮಾಯಣದಲ್ಲಿ ಸುಗ್ರೀವನ ಸಚಿವನಾಗಿ ಬಂದ ಹನುಮಂತನ ಮಾತನ್ನು ಕೇಳಿ ಶ್ರೀರಾಮನು ತಮ್ಮನೊಡನೆ ಅದರ ನಿರ್ದುಷ್ಟತೆಯನ್ನು ಹೊಗಳುತ್ತಾನೆ. ಮಾತನಾಡಿದವನು ಹನುಮಂತ; ಗೆಳೆತನ ಕೂಡಿದುದು ಸುಗ್ರೀವನಿಗೆ.

ಇಂತಹ ವಿನಯಕ್ಕೆ ಈ ಕಾಲದಲ್ಲಿಯೂ ನಿದರ್ಶನವಿಲ್ಲದಿಲ್ಲ. ಮಹಾದೇವ ದೇಸಾಯಿಯವರು 1917ರಿಂದ 1942ರ ಆಗಸ್ಟ್ 15ರಂದು ಸೆರೆಯಲ್ಲಿ ಕಾಲವಾಗುವವರೆಗೂ ಗಾಂಧೀಜಿಯವರ ಕಾರ್ಯದರ್ಶಿಗಳಾಗಿದ್ದರು. ಗಾಂಧೀಜಿಯವರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರು ಅವರೇ. ಅವರ ದಿನಚರಿಯಲ್ಲಿ ಒಡೆಯರ ಮಾತು ಪುಟಗಟ್ಟಲೆ ತುಂಬಿದೆ. ಬರೆದವರ ಮಾತು ಅಲ್ಪ. ಅದೇ ಅವರ ಹಿರಿಮೆ. ಕನ್ನಡ ಕಾದಂಬರಿ ನಾಯಕನ ಅಂತರಂಗವನ್ನು ಹೊಕ್ಕು ನೋಡಿದೆ. ಈ ಜಿಲ್ಲೆಯವರೇ ಆದ ಅನಂತಮೂರ್ತಿಯವರ ‘ಅವಸ್ಥೆ’ (1978) ಶಾಂತವೇರಿ ಗೋಪಾಲಗೌಡರ ನೆರಳುಳ್ಳ ಕೃತಿಯೆಂಬುದು ಪ್ರಸಿದ್ಧ. ಆದರೆ ನಾಯಕನ ಹೆಸರಿನಲ್ಲಿ ಅರ್ಜಿ ಬರೆಯುತ್ತ ಕಣ್ಣು ಸವೆಸುವವನ ಅಂತರಂಗವನ್ನು ನಡುವೆ ನಿಲ್ಲಿಸಿ ನೋಡುವ ಕೃತಿ ಇನ್ನೂ ಬರಬೇಕಾಗಿದೆ. ಅವನ ಬಾಳಿನಲ್ಲಿ ಕಥೆಗೆ ಬೇಕಾದ ಸಂಕಟವಿಲ್ಲವೆಂದಲ್ಲ. ತಾನು ಬರೆದ ಮಾತಿಗೆ ಬಿದ್ದ ಚಪ್ಪಾಳೆ ಪರರಿಗೆ. ತಾನು ಬಿಟ್ಟ ಒಂದು ಅಂಕಿಯಿಂದ ಬಂದ ನಷ್ಟ ಒಬ್ಬ ಬಡವಿಗೆ. ಇದಕ್ಕಿಂತ ಸೂಕ್ಷ್ಮವಾದ ಧರ್ಮಸಂಕಟ ಬೇರೆ ಬೇಕೆ?

1967ರಲ್ಲಿ ಶಿವಮೊಗ್ಗೆಯಿಂದ ಆರಿಸಿಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದುದನ್ನು ಈ ಜಿಲ್ಲೆ ಹೆಮ್ಮೆಯಿಂದ ನೆನೆಯುತ್ತದೆ. ಅದು ಉಚಿತವೇ. ಆದರೆ ಕನ್ನಡವು ದೆಹಲಿಗೆ ಹೋಗುವುದು ಸದಸ್ಯರ ನಾಲಗೆಯ ಮೂಲಕ ಮಾತ್ರವಲ್ಲ. ಬಸ್ ನಿಲ್ದಾಣದ ಕನ್ನಡವನ್ನು ಕೇಳಿ ಅದರ ಅರ್ಥವನ್ನು ಇಂಗ್ಲಿಷಿಗೋ ಹಿಂದಿಗೋ ಕುಂದಿಲ್ಲದೆ ದಾಟಿಸುವ ಸಹಾಯಕನ ಕೈಯ ಮೂಲಕವೂ ಹೋಗುತ್ತದೆ. ಆ ಕೈಗೆ ಶಿಕ್ಷಣ ಬೇಕು. ಪಾಠಶಾಲೆಗಳಲ್ಲಿ ಪತ್ರಲೇಖನವೆಂದರೆ ಒಕ್ಕಣೆಯನ್ನು ಕಂಠಪಾಠ ಮಾಡಿಸುವುದಕ್ಕೆ ಬದಲು, ನೆರೆಯ ಮನೆಯ ಅಜ್ಜಿಯ ಅಹವಾಲನ್ನು ಕೇಳಿ ಬರೆದು, ಬರೆದುದನ್ನು ಅವಳಿಗೇ ಓದಿ ಹೇಳಿಸಿ, ಅವಳು ಹೌದೆಂದ ಮೇಲೆ ಒಪ್ಪಿಸುವ ಅಭ್ಯಾಸವನ್ನು ಮಾಡಿಸುವುದು ಲೇಸು. ಸದಸ್ಯರ ಕಚೇರಿಗಳಲ್ಲಿಯೂ ಇದೇ ಕ್ರಮ ನಡೆಯಬಹುದು. ಕರಡನ್ನು ಸಹಿಗೆ ಇಡುವುದಕ್ಕೆ ಮೊದಲು ಬಾಗಿಲ ಬಳಿ ಕುಳಿತಿರುವ ಅರ್ಜಿದಾರಳಿಗೆ ಒಮ್ಮೆ ಓದಿ ಹೇಳಿದರೆ ಹೋಗುವ ಹೊತ್ತು ಐದು ನಿಮಿಷ. ತನ್ನ ಮಾತು ಅದರಲ್ಲಿದೆಯೋ ಇಲ್ಲವೋ ಎಂಬುದನ್ನು ಅವಳಿಗಿಂತ ಚೆನ್ನಾಗಿ ಹೇಳಬಲ್ಲ ವಿಮರ್ಶಕರು ಇಲ್ಲ.