ಎರೆಮಣ್ಣಿನ ಮೇಲೆ ಕಾಂಕ್ರೀಟ್ ಹೊದಿಕೆ

ಹಿಡಕಲ್ ಜಲಾಶಯದ ನೀರು ಘಟಪ್ರಭಾ ಕಾಲುವೆಗಳಲ್ಲಿ ಚಿಕ್ಕೋಡಿ, ರಾಯಬಾಗದತ್ತ ಹರಿಯುತ್ತದೆ. ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ಹಿನ್ನೀರನ್ನು ಎತ್ತಿ ಅಥಣಿ ಸೀಮೆಗೆ ಕೊಡಲಾಗುತ್ತದೆ. ಇಂಥ ಕಾಲುವೆಗಳಿಗೆ ಕಾಂಕ್ರೀಟ್ ಲೈನಿಂಗ್ ಬೇಕೇ ಬೇಕು. ಅದಿಲ್ಲದಿದ್ದರೆ ಸೋರಿಕೆ ಹೆಚ್ಚಿ, ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ತಕರಾರು ಇರುವುದು ಅದನ್ನು ಹಾಕುವ ರೀತಿಯ ಬಗ್ಗೆ.

ಲೈನಿಂಗ್ ಸಾಮಾನ್ಯವಾಗಿ 7.5ರಿಂದ 10 ಸೆಂ.ಮೀ. ದಪ್ಪ, ಅದರಲ್ಲಿ ಕಬ್ಬಿಣವಿಲ್ಲ. ಅದರಡಿಯ ಎರೆಮಣ್ಣೋ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಸರದಿ ಮುಗಿದು ಕಾಲುವೆ ಬೇಗ ಇಳಿದಾಗ ದಂಡೆಯೊಳಗೆ ನಿಂತ ನೀರು ಲೈನಿಂಗಿನ ಕಾಂಕ್ರೀಟ್ ಹಲಗೆಗಳನ್ನು ಹಿಂದಿನಿಂದ ನೂಕುತ್ತದೆ. ಒಮ್ಮೆ ಬಿರುಕು ಬಿಟ್ಟರೆ ಸೋರುವ ನೀರೇ ಮಣ್ಣನ್ನು ಮತ್ತಷ್ಟು ಉಬ್ಬಿಸುತ್ತದೆ. ಹೀಗೆ ಜಾರಿದ ಹಲಗೆಗೆ ಸಿಮೆಂಟ್ ಬಳಿದು ದುರಸ್ತಿ ಎನ್ನುವುದು ಹಣ ಹಾಳುಮಾಡುವ ಕೆಲಸ.

ಮದ್ದು ಹೊರಗಿನಿಂದ ಬರಬೇಕಾಗಿಲ್ಲ. ಮುಂಬೈ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ಎರೆಭೂಮಿಯಲ್ಲಿ ಸುಮಾರು 1 ಮೀಟರ್ ಆಳದ ಕೆಳಗೆ ಮಣ್ಣು ಉಬ್ಬದೆ ಸುಮ್ಮನಿರುವುದನ್ನು ಗಮನಿಸಿದರು. ಅದೇ ಸ್ಥಿತಿಯನ್ನು ಕಾಲುವೆಯಲ್ಲಿ ತರಲು ಎರೆಮಣ್ಣಿಗೂ ಕಾಂಕ್ರೀಟಿಗೂ ನಡುವೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಹಾಸುವ ವಿಧಾನ ರೂಪಿಸಿದರು. ನೆರೆಯ ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಅದು ಬಳಕೆಗೂ ಬಂತು; ಭಾರತೀಯ ಮಾನಕ 9451ರಲ್ಲಿ ಸೇರಿದೆ. ಅರ್ಧ ಶತಮಾನದ ಹತ್ತಿರದ ಈ ಜ್ಞಾನ ಇದೇ ಸೀಮೆಯದು. ಒಳ್ಳೆಯ ಮಣ್ಣು ದೂರದಿಂದ ತರಬೇಕು, ಪದರ ಪದರವಾಗಿ ದಮ್ಮಸು ಮಾಡಬೇಕು ಎಂಬ ಕಾರಣಕ್ಕೆ ಆ ಪದರವನ್ನು ತೆಳುಗೊಳಿಸುವುದು ಅಕ್ಷಮ್ಯ.

ಉಗಾರ, ಕಾಗವಾಡ ಸುತ್ತಿನ ಸವಳು ಜವಳು ಭೂಮಿಯಲ್ಲಿ ಉಪ್ಪಿನ ಕಾಟ ಬೇರೆ. ಸಲ್ಫೇಟ್ ಲವಣಗಳು ಸಿಮೆಂಟನ್ನೇ ತಿನ್ನುತ್ತವೆ. ಉಪ್ಪುನೀರು ಕಾಂಕ್ರೀಟನ್ನು ಕೆಡಿಸಬಲ್ಲದು ಎಂಬುದಕ್ಕೆ ದೂರದ ಸಾಕ್ಷಿ ನಾರ್ವೆಯದು. 2000ದಲ್ಲಿ ತೆರೆದ, 7 ಕಿ.ಮೀ.ಗೂ ಉದ್ದದ ಓಸ್ಲೋಫ್ಯೋರ್ಡ್ ಸಮುದ್ರತಳದ ಸುರಂಗದಲ್ಲಿ ಬಂಡೆಗೆ ಸಿಂಪಡಿಸಿದ ಕಾಂಕ್ರೀಟನ್ನು ಸೋರುವ ಉಪ್ಪುನೀರು ಮತ್ತು ಕಬ್ಬಿಣ, ಮ್ಯಾಂಗನೀಸ್ ಬ್ಯಾಕ್ಟೀರಿಯಾಗಳ ಲೋಳೆ ಸೇರಿ ಕೆಲವೇ ವರ್ಷಗಳಲ್ಲಿ ಕೊರೆದವು. ತೆಳು ಪದರಕ್ಕೆ ಏಟು ಜೋರಾಗಿತ್ತು. ಅಲ್ಲಿನ ಎಂಜಿನಿಯರುಗಳು ಸೋರಿಕೆಯ ಜಾಗಗಳಲ್ಲೇ ಮಾದರಿ ತೆಗೆದು ವರ್ಷಗಟ್ಟಲೆ ಪರೀಕ್ಷಿಸಿದರು. ಇಲ್ಲಿ ಕೊರತೆಯಾಗಿರುವುದು ಈ ಬೆನ್ನುಹತ್ತುವ ಗುಣ.

ಆದ್ದರಿಂದ ನೀರು ಬಳಕೆದಾರರ ಸಂಘಗಳ ರೈತರು ಕಾಂಕ್ರೀಟ್ ಸುರಿಯುವ ಮೊದಲೇ ದಂಡೆಗೆ ಹೋಗಬೇಕು. ಕೆಳಗಿನ ಮಣ್ಣಿನ ಪದರ ಎಷ್ಟು ದಪ್ಪ, ಹಿಂದಿನ ನೀರು ಹೊರಬೀಳಲು ರಂಧ್ರಗಳಿವೆಯೇ, ಅಂತರ್ಜಲದ ಉಪ್ಪು ಪರೀಕ್ಷಿಸಿದ್ದಾರೆಯೇ ಎಂದು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು.